ಪಾಂಡವಪುರದಲ್ಲಿ ಇಳಿಯಲಿಲ್ಲ

ಹೊಣಕೆರೆ
18 ನವೆಂಬರ್ 2024

ರಹಮತುಲ್ಲಾ ಅಣ್ಣನವರಿಗೆ ಪುಟ್ಟಗೌರಮ್ಮನ ನಮಸ್ಕಾರ.

ನಿಮಗೆ ಫೋನು ಮಾಡಿ ಪ್ರಯೋಜನವಿಲ್ಲ. ಇಪ್ಪತ್ತು ವರ್ಷ ಫಿರಂಗಿ ಪಕ್ಕದಲ್ಲಿ ನಿಂತು ಎರಡು ಕಿವಿಯನ್ನೂ ಸರ್ಕಾರಕ್ಕೆ ಕೊಟ್ಟು ಬಂದವರು ನೀವು. ವಾಟ್ಸಾಪಿನಲ್ಲಿ ಬರಿ ಎಂದು ಮಗ ರವೀಂದ್ರ ಹೇಳಿದ. ಅದು ನಿಮ್ಮ ಮಗ ರಿಹಾನನ ಫೋನಿಗೆ ಹೋಗುತ್ತದೆ, ಅವನು ಓದಿ ಆಮೇಲೆ ನಿಮಗೆ ತೋರಿಸಬೇಕು. ನನಗೆ ನಿಮ್ಮನ್ನೇ ನೇರ ಕೇಳಬೇಕಾಗಿದೆ. ಅದಕ್ಕೇ ಈ ಕಾಗದ.

ನಮ್ಮ ಯಜಮಾನರು, ನಿಮ್ಮ ಸ್ನೇಹಿತರು, ಮನೆ ಬಿಟ್ಟು ಇವತ್ತಿಗೆ ಒಂದು ವಾರವಾಯಿತು.

ಪಿಂಚಣಿಯವರು ಪ್ರತಿ ನವೆಂಬರಿನಲ್ಲಿ ಬ್ಯಾಂಕಿಗೆ ಹೋಗಿ, ತಾವು ಇನ್ನೂ ಬದುಕಿದ್ದೇವೆಂದು ಹೆಬ್ಬೆಟ್ಟು ಒತ್ತಿ ಬರಬೇಕಲ್ಲ, ಅದಕ್ಕೆ ಹೊರಟರು. ವರ್ಷಾವರ್ಷ ಇರುವ ಅದೇ ತಮಾಷೆ. "ನಾನ್ ಬದುಕಿವ್ನಿ ಅಂತ ತೋರ್ಸ್ಬುಟ್ಟು ಬತ್ತೀನಿ ಕಣಮ್ಮಿ" ಅಂದರು. ಹೋದ ವರ್ಷ ಅಲ್ಲಿ ಏನು ಮಾಡಿದ್ದರು ಗೊತ್ತಲ್ಲ? ಕೌಂಟರಿನ ಮೇಲೆ ತಲೆಯಿಟ್ಟು, ನಾಲಿಗೆ ಹೊರಗೆ ಹಾಕಿ, "ವಸಿ ತಡ ಆಗೋಯ್ತು ಮೇಡಂ" ಅಂದಿದ್ದರಂತೆ. ಆ ಹೆಣ್ಣುಮಗಳು ನಕ್ಕು ನಕ್ಕು ಕಾಫಿ ತರಿಸಿಕೊಟ್ಟಿದ್ದಳು. ಈ ಸಲವೂ ಹತ್ತೂವರೆಗೆ ಬಂದು ಹೆಬ್ಬೆಟ್ಟು ಒತ್ತಿ ಹೋದರು, ಆದರೆ ಮಾತಾಡಲಿಲ್ಲ ಅಂತ ಅವಳೇ ಹೇಳಿದಳು. ನಾಗಮಂಗಲದ ಬಸ್ ಸ್ಟ್ಯಾಂಡಿನಲ್ಲಿ ಒಬ್ಬರು ನೋಡಿದ್ದಾರೆ. ಅಲ್ಲಿಂದ ಮುಂದಕ್ಕೆ ಇಲ್ಲ.

ಬಿಳಿ ಅಂಗಿ, ಖಾಕಿ ಸ್ವೆಟರು, ಹೆಗಲ ಮೇಲೆ ಟವಲು. ಸ್ಟೇಷನ್ನಿನಲ್ಲಿ ಕಂಪ್ಲೇಂಟು ಬರೆಸಿದೆವು. ಪೊಲೀಸಿನವರು ಹೆಸರು ಕೇಳಿದಾಗ ನಾನು ರವೀಂದ್ರನ ಮುಖ ನೋಡಿದೆ. ನಲವತ್ತೊಂದು ವರ್ಷದಿಂದ ಬಾಯಲ್ಲಿ ತರದ ಹೆಸರು, ಅಲ್ಲಿಯೂ ಬರಲಿಲ್ಲ. ಮಗನೇ ಹೇಳಿದ.

ನಿಮ್ಮಲ್ಲಿಗೆ ಬಂದಿದ್ದರಾ ಎಂದು ರಿಹಾನನಿಗೆ ಫೋನು ಮಾಡಿದೆವು. ಅಪ್ಪನನ್ನು ಕೇಳಿದೆ, ಬಂದಿಲ್ಲವಂತೆ ಎಂದ. ಆದರೂ ನಿಮ್ಮ ಕೈಯಿಂದ ಒಂದು ಸಾಲು ಬಂದರೆ ನನಗೆ ಸಮಾಧಾನ.

ನಿಮ್ಮ ತಂಗಿ,
ಪುಟ್ಟಗೌರಮ್ಮ


ಶ್ರೀರಂಗಪಟ್ಟಣ
27 ನವೆಂಬರ್ 2024

ಗೌರಮ್ಮ ತಂಗಿಗೆ ಈ ಕಿವುಡಣ್ಣನ ಸಲಾಮ್.

ಜವರ ಇಲ್ಲಿಗೆ ಬಂದಿಲ್ಲ. ನೀವು ಹೆದರಬೇಡಿ. ಆ ಮಹಾನುಭಾವನ ಮಸಲತ್ತು ನನಗೆ ಹೊಸದೇ? ನನ್ನನ್ನು ಕೇಳಿದರೆ ಅವನು ಎಲ್ಲೋ ಅವಿತು ಕೂತು ನಿಮ್ಮನ್ನೆಲ್ಲ ಆಟ ಆಡಿಸುತ್ತಿದ್ದಾನೆ.

ರವೀಂದ್ರ ಕೈಗೂಸಾಗಿದ್ದ ವರ್ಷ ನೆನಪಿದೆಯಾ? ಜವರನ ರಜೆ ಮುಗಿದಿತ್ತು, ನನಗೆ ಇನ್ನೂ ಎಂಟು ದಿನ ಉಳಿದಿತ್ತು. ನೀವೆಲ್ಲ ಶ್ರೀರಂಗಪಟ್ಟಣದ ಸ್ಟೇಷನ್ನಿಗೆ ಬಂದು, ಅವನನ್ನು ರೈಲು ಹತ್ತಿಸಿ, ಗೊಳೋ ಎಂದು ಅತ್ತಿರಿ. ವಾಪಸ್ಸು ನಮ್ಮ ಮನೆಗೆ ಬಂದು ಕೂತಾಗ ನಮ್ಮವಳು ಶಮ್ಸುನ್ನೀಸಾ ಎಲ್ಲರಿಗೂ ಟೀ ಹಾಕುತ್ತಿದ್ದಳು. ಬಾಗಿಲಲ್ಲಿ ಯಾರೋ ಬಂದು ನಿಂತರು. ನೋಡಿದರೆ ಇವನು! ಮುಂದಿನ ಸ್ಟೇಷನ್ನು ಪಾಂಡವಪುರದಲ್ಲಿ ಇಳಿದು, ಬೆಲ್ಲದ ಲಾರಿ ಹತ್ತಿ ಬಂದಿದ್ದ. "ಅಳೋದು ಮುಗೀತಾ? ಅಂಗಾರೆ ನಂಗೂ ಒಂದ್ ಲೋಟ ಟೀ ಕೊಡಿ" ಅಂದ. ನೀವು ಕೈಗೆ ಸಿಕ್ಕ ಚೊಂಬು ಎಸೆದಿರಿ. ಆ ಚೊಂಬಿಗೆ ಬಿದ್ದ ತಗ್ಗು ಇನ್ನೂ ಹಾಗೇ ಇದೆ. ಯೂನಿಟ್ಟಿಗೆ ಒಂದು ದಿನ ತಡವಾಗಿ ಹೋಗಿದ್ದಕ್ಕೆ ಶಿಕ್ಷೆಯಾಗಿ ಬೆನ್ನ ಮೇಲೆ ಗಂಟು ಹೊತ್ತು ಏಳು ದಿನ ಓಡಿದ. ಓಡುತ್ತಾ ಏನು ಹೇಳುತ್ತಿದ್ದನಂತೆ ಗೊತ್ತೇ? "ಎಂಡ್ತಿ ಚೊಂಬು ಎಸ್ದಿದ್ದು ನೋಡಿದ್ನಲ್ಲ, ಏಳ್ ದಿನ ಅಲ್ಲ, ಎಪ್ಪತ್ ದಿನ ಓಡ್ತೀನಿ."

ಆಮೇಲೆ ಯಾವಾಗ ರೈಲು ಹತ್ತಿಸಿದರೂ ನಾನು ಕೇಳುವುದು ಒಂದೇ ಮಾತು, "ಪಾಂಡವಪುರದಾಗೆ ಇಳೀತೀಯೇನ್ಲಾ?" ಹಾಗೆಯೇ ಈಗಲೂ ಎಲ್ಲೋ ಇಳಿದು ಬರುತ್ತಾನೆ. ನೀವು ಊಟ ಬಿಡಬೇಡಿ.

ಅಣ್ಣ,
ರಹಮತುಲ್ಲಾ


ಹೊಣಕೆರೆ
6 ಜನವರಿ 2025

ಅಣ್ಣನವರಿಗೆ,

ನಿಮ್ಮ ಕಾಗದ ಓದಿ ಆ ದಿನ ನಕ್ಕೆ. ಅದಾದ ಮೇಲೆ ಐದು ವಾರ ಕಳೆದಿದೆ.

ಅವರ ತಮಾಷೆ ನನಗೆ ಗೊತ್ತು ಅಣ್ಣ. ಎರಡು ಹೊತ್ತಿನ ಊಟದೊಳಗೆ ಅದು ಮುಗಿಯುತ್ತದೆ. ಯಾರಾದರೂ ನಿಜವಾಗಿ ಅತ್ತರೆ ಅವರ ಕೈಲಿ ತಡೆಯಲಾಗುತ್ತಿರಲಿಲ್ಲ, ಅವಿತ ಕಡೆಯಿಂದ ತಾವೇ ಎದ್ದು ಬರುತ್ತಿದ್ದರು. ಈ ಮನೆಯಲ್ಲಿ ಈಗ ಎಲ್ಲರೂ ಅತ್ತು ಮುಗಿದಿದೆ. ಅವರು ಎದ್ದು ಬಂದಿಲ್ಲ.

ಬೆಳ್ಳೂರು ಕ್ರಾಸಿನ ಹೋಟೆಲುಗಳಲ್ಲಿ ಫೋಟೋ ಅಂಟಿಸಿದ್ದೇವೆ. ರವೀಂದ್ರ ಲೈನ್‌ಮನ್ ಕೆಲಸಕ್ಕೆ ರಜೆ ಹಾಕಿ ಕೆ.ಆರ್.ಪೇಟೆ, ಕಿಕ್ಕೇರಿ, ಮೇಲುಕೋಟೆ ಎಲ್ಲ ಸುತ್ತಿದ. ಕಂಬ ಹತ್ತಿದಾಗಲೂ ಕೆಳಗೆ ಹೋಗುವ ಮುದುಕರನ್ನೇ ನೋಡುತ್ತಾನಂತೆ. ಮೊನ್ನೆ ಊಟಕ್ಕೆ ಕೂತವನು ಇದ್ದಕ್ಕಿದ್ದ ಹಾಗೆ ಹದಿನೇಳರ ಮಗ್ಗಿ ಹೇಳತೊಡಗಿದ. ಅವನು ಏಳನೇ ಕ್ಲಾಸಿನಲ್ಲಿ ಲೆಕ್ಕದಲ್ಲಿ ಫೇಲಾದಾಗ ಹೆಡ್‌ಮಾಸ್ಟರು ಕರೆಸಿದ್ದರು. ಇವರು ರಜೆಯಲ್ಲಿದ್ದವರು ಪೂರ್ತಿ ಯೂನಿಫಾರ್ಮು ಹಾಕಿಕೊಂಡು ಹೋಗಿ ಸೆಲ್ಯೂಟ್ ಹೊಡೆದು, "ಸಾರ್, ನಾನು ಮೂರ್ ಸತಿ ಫೇಲಾಗಿದ್ಕೇ ದೇಸ ಕಾಯಾಕೆ ಓಗಿದ್ದು. ಇವನ್ನೂ ಕಳಿಸ್ಬುಡಾನಾ?" ಅಂದರಂತೆ. ಮೇಷ್ಟರು ನಕ್ಕರು. ಮನೆಗೆ ಬಂದವರು ಮಾತ್ರ ನಗಲಿಲ್ಲ. ಆ ರಜೆ ಪೂರ್ತಿ ಸಂಜೆಯ ಹೊತ್ತು ಮಗನ ಪಕ್ಕ ಕೂತು, ತಾವೂ ಅವನ ಜೊತೆಗೇ ಮಗ್ಗಿ ಕಲಿತರು. ಹದಿನೇಳರ ಮಗ್ಗಿ ಇವರಿಗೇ ತಡವಾಗಿ ಬಂದಿದ್ದು.

ನನಗೆ ಕಾಗದ ಬರೆಯಲು ಕಲಿಸಿದವರೂ ಅವರೇ ತಾನೆ? ಹೆಸರು ಬರೆಯಲಾಗದೆ ವಿಳಾಸವನ್ನು ಪೋಸ್ಟ್‌ಮನ್ ಕೈಲಿ ಬರೆಸಿ ನಾನು ಕಳಿಸಿದ ಕಾಗದವನ್ನು ಕೆಂಪು ಶಾಯಿಯಲ್ಲಿ ತಿದ್ದಿ, ಕೆಳಗೆ ಹತ್ತಕ್ಕೆ ಇಷ್ಟು ಎಂದು ಹಾಕಿ ವಾಪಸ್ಸು ಕಳಿಸುತ್ತಿದ್ದರು. ಆರು ದಾಟಲು ಮೂರು ವರ್ಷ ಹಿಡಿಯಿತು. ಎಂಟು ಬಂದ ವರ್ಷ ನಾನು ಅಂಗನವಾಡಿ ಟೀಚರಾದೆ. ರಜೆಗೆ ಬಂದರೆ ನನ್ನ ಮಕ್ಕಳನ್ನೆಲ್ಲ ಸಾಲಾಗಿ ನಿಲ್ಲಿಸಿ, ಉಪ್ಪಿಟ್ಟಿನ ಪಾತ್ರೆಗೆ ಸೆಲ್ಯೂಟ್ ಹೊಡೆಸುತ್ತಿದ್ದರು.

ನಿಮ್ಮ ಕಡೆಯ ರೈಲ್ವೆ ಸ್ಟೇಷನ್ನು, ಬಸ್ ಸ್ಟ್ಯಾಂಡು ಎಲ್ಲ ಒಂದು ಸಲ ನೋಡಿ ಅಣ್ಣ. ಅವರು ಈ ಲೋಕದಲ್ಲಿ ನನ್ನನ್ನು ಬಿಟ್ಟರೆ ಹುಡುಕಿಕೊಂಡು ಹೋಗುವುದು ನಿಮ್ಮನ್ನೇ.

ಪುಟ್ಟಗೌರಮ್ಮ


ಶ್ರೀರಂಗಪಟ್ಟಣ
2 ಫೆಬ್ರವರಿ 2025

ಗೌರಮ್ಮ ತಂಗಿಗೆ,

ತಡವಾಯಿತು, ಮಾಫ್ ಮಾಡಿ. ಮೈ ಸರಿ ಇರಲಿಲ್ಲ.

ನೀವು ಹೇಳುವ ಮೊದಲೇ ನಾನು ಹುಡುಕಲು ಶುರು ಮಾಡಿದ್ದೆ. ಮಂಡ್ಯ, ಮದ್ದೂರು, ಚನ್ನಪಟ್ಟಣ, ರಾಮನಗರ, ಬೆಂಗಳೂರು. ಪ್ರತಿ ಸ್ಟೇಷನ್ನಿನಲ್ಲಿ ಇಳಿದು ಫೋಟೋ ತೋರಿಸಿದೆ. ಅವರು ಏನೋ ಹೇಳುತ್ತಾರೆ, ನನಗೆ ಕೇಳುವುದಿಲ್ಲ. ಬರೆದುಕೊಡಿ ಎಂದು ನನ್ನ ನೋಟ್‌ಬುಕ್ಕು ಚಾಚುತ್ತೇನೆ. ಎಲ್ಲರೂ ಬರೆಯುವುದು ಒಂದೇ ಪದ, 'ಇಲ್ಲ'. ಈ ಎರಡು ತಿಂಗಳಲ್ಲಿ ನೋಟ್‌ಬುಕ್ಕಿನ ತುಂಬ ಬೇರೆ ಬೇರೆ ಕೈಬರಹದ 'ಇಲ್ಲ' ತುಂಬಿಕೊಂಡಿದೆ.

ಬೆಂಗಳೂರಿನ ಸ್ಟೇಷನ್ನಿನಲ್ಲಿ ಒಬ್ಬ ಮುದುಕ ಬೆಂಚಿನ ಮೇಲೆ ಬೆನ್ನು ತಿರುಗಿಸಿ ಮಲಗಿದ್ದ. ಖಾಕಿ ಸ್ವೆಟರು. ಅತ್ತ ಓಡಿದೆ. ಆದರೆ ಹೆಗಲಲ್ಲಿ ಆ ಗುಲಾಬಿ ಬಣ್ಣದ ಶಾಲೆ ಬ್ಯಾಗು ಇರಲಿಲ್ಲ. ಎಬ್ಬಿಸಿ ನೋಡಿದೆ, ಯಾರೋ ಬೇರೆಯವನು.

ಮಕ್ಕಳಿಗೆ ನನ್ನ ದುವಾ. ನಿಮಗೆ ಏನು ಬರೆಯಬೇಕೋ ತೋಚುತ್ತಿಲ್ಲ.

ರಹಮತುಲ್ಲಾ


ಹೊಣಕೆರೆ
11 ಫೆಬ್ರವರಿ 2025

ಅಣ್ಣ,

ನನ್ನ ಮೊಮ್ಮಗಳು ಸ್ನೇಹಾಳ ಹಳೆಯ ಶಾಲೆ ಬ್ಯಾಗು ಕಾಣುತ್ತಿಲ್ಲವೆಂದು ಸಂಕ್ರಾಂತಿ ಹಬ್ಬಕ್ಕೆ ಅಟ್ಟ ಗುಡಿಸುವಾಗ ಗೊತ್ತಾಯಿತು. ಗುಲಾಬಿ ಬಣ್ಣದ್ದು. ಅದನ್ನು ಅವರು ತೆಗೆದುಕೊಂಡು ಹೋಗಿರಬಹುದು ಎಂದು ಅಲ್ಲಿಯವರೆಗೆ ನಮಗೆ ಯಾರಿಗೂ ಹೊಳೆದಿರಲಿಲ್ಲ. ಪೊಲೀಸಿನವರಿಗೂ ಹೇಳಿರಲಿಲ್ಲ.

ನಿಮಗೆ ನಾನು ಬರೆದ ಎರಡು ಕಾಗದದಲ್ಲೂ ಬ್ಯಾಗಿನ ಮಾತಿಲ್ಲ.

ನೀವು ಅವರನ್ನು ನೋಡಿದ್ದೀರಿ.

ಪುಟ್ಟಗೌರಮ್ಮ


ಹೊಣಕೆರೆ
3 ಏಪ್ರಿಲ್ 2025

ಅಣ್ಣ,

ಯುಗಾದಿಯೂ ಆಯಿತು. ಪೋಸ್ಟ್‌ಮನ್ ಕುಮಾರ್ ನಮ್ಮ ಮನೆ ಮುಂದೆ ಸೈಕಲ್ ನಿಧಾನ ಮಾಡಿ, ನನ್ನ ಮುಖ ನೋಡಿ, ತಲೆ ಅಡ್ಡಡ್ಡ ಆಡಿಸಿ ಹೋಗುತ್ತಾನೆ. ಪಾಪ, ಅವನಿಗೇ ನಾಚಿಕೆ.

ರವೀಂದ್ರನಿಗೆ ನಿಮ್ಮ ಕಾಗದ ತೋರಿಸಿಲ್ಲ. ತೋರಿಸಿದರೆ ಅವನು ಬಂದು ನಿಮ್ಮ ಮನೆ ಬಾಗಿಲಲ್ಲಿ ನಿಲ್ಲುತ್ತಾನೆ, ಬಾಯಿಗೆ ಬಂದದ್ದು ಮಾತಾಡುತ್ತಾನೆ. ಕೇಳಿಸದಿದ್ದರೂ ನಿಮಗೆ ಅರ್ಥವಾಗುತ್ತದೆ. ಅಣ್ಣ ಅಂತ ಬಾಯ್ತುಂಬ ಕರೆದಿದ್ದೇನೆ, ಅದಕ್ಕೆ ಕಾಯುತ್ತಿದ್ದೇನೆ. ಇನ್ನು ಹೆಚ್ಚು ದಿನ ಕಾಯುವುದಿಲ್ಲ.

ಬದುಕಿದ್ದಾರೋ ಇಲ್ಲವೋ, ನನಗೆ ಅಷ್ಟು ಗೊತ್ತಾದರೆ ಸಾಕು.

ಪುಟ್ಟಗೌರಮ್ಮ


ಶ್ರೀರಂಗಪಟ್ಟಣ
9 ಮೇ 2025

ತಂಗೀ,

ಮೂರು ತಿಂಗಳಿಂದ ಈ ಕಾಗದವನ್ನು ಬರೆದು ಹರಿದು ಮಾಡುತ್ತಿದ್ದೇನೆ. ಇವತ್ತು ಜುಮ್ಮಾ ನಮಾಜು ಮುಗಿಸಿ ಬಂದು ಕೂತಿದ್ದೇನೆ. ಹರಿಯುವುದಿಲ್ಲ.

ನವೆಂಬರ್ ಹನ್ನೊಂದು, ಮಧ್ಯಾಹ್ನ ಒಂದು ಗಂಟೆ. ರಿಹಾನ್ ಅಂಗಡಿಯಲ್ಲಿದ್ದ, ಸೊಸೆ ತವರಿಗೆ ಹೋಗಿದ್ದಳು, ನಾನೊಬ್ಬನೇ. ತಲೆ ಎತ್ತಿದರೆ ಬಾಗಿಲಲ್ಲಿ ಜವರ. ಹೆಗಲಲ್ಲಿ ಗುಲಾಬಿ ಬಣ್ಣದ ಮಕ್ಕಳ ಬ್ಯಾಗು. ಅಟೆನ್ಷನ್ನಿನಲ್ಲಿ ನಿಂತು ಸೆಲ್ಯೂಟ್ ಹೊಡೆದ. ನನ್ನ ನೋಟ್‌ಬುಕ್ಕು ಎಳೆದುಕೊಂಡು ಬರೆದ, "ರಜ ಮುಗೀತು ಕಣ್ಲಾ. ಬಂಡಿ ಎಷ್ಟೊತ್ಗೆ?"

ನಾನು ನಕ್ಕೆ ತಂಗೀ. ಹೊಟ್ಟೆ ಹಿಡಿದುಕೊಂಡು ನಕ್ಕೆ. ಶಮ್ಸುನ್ನೀಸಾ ತೀರಿಕೊಂಡ ಮೇಲೆ ಎರಡು ವರ್ಷದಿಂದ ಈ ಮನೆಯಲ್ಲಿ ಯಾರೂ ಹಾಗೆ ನಕ್ಕಿರಲಿಲ್ಲ. ನನ್ನ ಬೇಸರ ಕಳೆಯಲೆಂದೇ ಅಲ್ಲಿಂದ ಬಂದಿದ್ದಾನೆ ಎಂದುಕೊಂಡೆ. ಅವನ ಆಟಕ್ಕೆ ನಾನೂ ಸೇರಿದೆ. ಪೆಟ್ಟಿಗೆಯಿಂದ ನನ್ನ ಹಳೆಯ ಟೋಪಿ ತೆಗೆದು ಹಾಕಿಕೊಂಡೆ. ಅನ್ನ ಸಾರು ಬಡಿಸಿದೆ. ಇಬ್ಬರೂ ಲೆಫ್ಟ್ ರೈಟ್ ಹಾಕಿಕೊಂಡು ಸ್ಟೇಷನ್ನಿಗೆ ನಡೆದೆವು. ಗೇಟಿನ ಹತ್ತಿರ ಹೂ ಮಾರುವವಳು ನಮ್ಮನ್ನು ನೋಡಿ ಬಾಯಿ ಮುಚ್ಚಿಕೊಂಡು ನಗುತ್ತಿದ್ದಳು.

ಟಿಕೆಟ್ ನಾನೇ ತೆಗೆದೆ. ಪಾಂಡವಪುರಕ್ಕೆ. ಅಲ್ಲಿ ಇಳಿದು ನಾಗಮಂಗಲದ ಬಸ್ಸು ಹಿಡಿದು ಸಂಜೆಗೆ ನಿಮ್ಮ ಮನೆ ಸೇರುತ್ತಾನೆ ಎಂದೇ ನಂಬಿದ್ದೆ. "ಪಾಂಡವಪುರದಾಗೆ ಇಳೀತೀಯೇನ್ಲಾ?" ಎಂದು ಕೇಳಿದೆ ಕೂಡ. ಅವನು ಬ್ಯಾಗು ಹೊತ್ತು ಹತ್ತಿ ಕಿಟಕಿಯ ಪಕ್ಕ ಕೂತ. ಬಂಡಿ ಹೊರಟ ಮೇಲೆ ಕಿಟಕಿಯಿಂದ ಬಗ್ಗಿ ಏನೋ ಕೂಗಿದ. ಬಾಯಿ ಅಲ್ಲಾಡಿದ್ದು ಕಂಡಿತು. ನಾನು ನಗುತ್ತಾ ಸೆಲ್ಯೂಟ್ ಹೊಡೆದೆ. ಅವನೂ ಹೊಡೆದ. ನಗಲಿಲ್ಲ. ಜವರ ಯಾವ ತಮಾಷೆಯಲ್ಲೂ ಮೊದಲು ತಾನೇ ನಗುವವನು. ಅದು ನನಗೆ ಹೊಳೆದದ್ದು ಮನೆಗೆ ಬಂದು ಟೋಪಿ ತೆಗೆದಾಗ.

ಏನು ಕೂಗಿದ? ದಿನಾ ಆ ಬಾಯಿಯನ್ನು ನೆನಪಿಗೆ ತಂದುಕೊಂಡು ಒಂದೊಂದು ಮಾತು ಇಟ್ಟು ನೋಡುತ್ತೇನೆ. ಯಾವುದೂ ಹೊಂದುವುದಿಲ್ಲ. ಇಳಿಸಿಕೋ ಎಂದಿದ್ದನೇನೋ.

ಮೊದಲ ಕಾಗದದಲ್ಲಿ ಸುಳ್ಳು ಬರೆದದ್ದು ಅವನ ತಮಾಷೆ ಕೆಡಬಾರದು ಎಂದು. ಎರಡನೆಯದರಲ್ಲಿ ಬರೆದದ್ದು ಹೆದರಿಕೆಯಿಂದ. ನಾನೇ ಅವನನ್ನು ಕಳೆದೆ ಎಂದು ಯಾವ ಮುಖ ಇಟ್ಟುಕೊಂಡು ಬರೆಯಲಿ? ರವೀಂದ್ರನಿಗೆ ಹೇಳಿ. ಬಂದು ಬೈಯಲಿ, ಹೊಡೆಯಲಿ, ನಾನು ಬಾಗಿಲು ಹಾಕಿಕೊಳ್ಳುವುದಿಲ್ಲ.

ರಹಮತುಲ್ಲಾ


ಹೊಣಕೆರೆ
4 ಜೂನ್ 2025

ಅಣ್ಣ,

ರವೀಂದ್ರನಿಗೆ ಹೇಳಿದೆ. ಅವನು ನಿಮ್ಮಲ್ಲಿಗೆ ಬರಲಿಲ್ಲ. ಪಾಂಡವಪುರಕ್ಕೆ ಹೋಗಿ ಪ್ಲಾಟ್‌ಫಾರ್ಮಿನಲ್ಲಿ ಇಡೀ ದಿನ ಕೂತು ಬಂದ. ಅಲ್ಲಿಂದ ಬೆಂಗಳೂರಿಗೆ ಹೋಗಿ, ಅನಾಥಾಶ್ರಮ, ಸರ್ಕಾರಿ ಆಸ್ಪತ್ರೆ, ಶವಾಗಾರ, ಒಂದನ್ನೂ ಬಿಡದೆ ನೋಡಿದ. ಆರು ತಿಂಗಳ ಹಿಂದಿನ ಮಾತು, ಯಾರಿಗೆ ನೆನಪಿರುತ್ತದೆ? ಅವತ್ತೇ ಹೇಳಿದ್ದರೆ ಮುಂದಿನ ಸ್ಟೇಷನ್ನಿಗೆ ಒಂದು ಫೋನು ಸಾಕಿತ್ತು. ನಿಮ್ಮ ಮೇಲೆ ನನಗೆ ಬಂದಿರುವ ಸಿಟ್ಟನ್ನು ಬರೆಯಲು ಹೋದರೆ ಈ ಹಾಳೆ ಸಾಲದು. ನಿಮ್ಮ ಕೈಗೆ ಅವತ್ತು ಏನಾದರೂ ಬಡಿಯಬಾರದಿತ್ತಾ, ಆ ಟಿಕೆಟ್ ತೆಗೆಯುವ ಮುಂಚೆ?

ಇಷ್ಟು ಬರೆದು ನಾಲ್ಕು ದಿನ ಈ ಕಾಗದವನ್ನು ಡಬ್ಬದ ಕೆಳಗೆ ಇಟ್ಟಿದ್ದೆ. ಹಾಗೇ ಕಳಿಸಿದರೆ ನಾನೂ ನಿಮ್ಮಂತೆಯೇ ಸುಳ್ಳಿ.

ನನಗೆ ಗೊತ್ತಿತ್ತು ಅಣ್ಣ.

ಹೋದ ವರ್ಷ ಯುಗಾದಿಯ ಹೊತ್ತಿಗೆ ಟೀಗೆ ಉಪ್ಪು ಹಾಕಿದರು. ನಕ್ಕೆವು. ಆಷಾಢದಲ್ಲಿ ಒಂದು ದಿನ ಊಟ ಮಾಡುತ್ತಾ ತಲೆ ಎತ್ತಿ, "ಯಾರವ್ವ ನೀನು? ಸಾರು ಚೆಂದಾಗಿ ಮಾಡಿದ್ದೀಯ. ನಿನ್ ಗಂಡ ಪುಣ್ಯವಂತ" ಅಂದರು. ನಾನು ನಾಚಿಕೊಂಡು ಬಿದ್ದು ಬಿದ್ದು ನಕ್ಕು, ಪಕ್ಕದ ಮನೆ ಪುಟ್ಟತಾಯಮ್ಮನಿಗೂ ಹೇಳಿ ಬಂದೆ. ಗೌರಿ ಹಬ್ಬ ಆದ ವಾರ, ಹಿತ್ತಿಲಲ್ಲಿ ಗೋಡೆಗೆ ಕೈ ಹಚ್ಚಿ ಅಳುತ್ತಾ ನಿಂತಿದ್ದರು. ಮನೆಯ ಬಾಗಿಲು ಎಲ್ಲಿದೆ ಎಂದು ತಿಳಿಯದೆ ಗೋಡೆಯನ್ನು ತಡವುತ್ತಿದ್ದರು. ನನ್ನನ್ನು ಕಂಡ ತಕ್ಷಣ ಕಣ್ಣೊರೆಸಿಕೊಂಡು ಸೆಲ್ಯೂಟ್ ಹೊಡೆದು, "ಕಾವ್ಲು ನಿಂತಿವ್ನಿ ಕಣಮ್ಮಿ" ಅಂದರು. ಆಗ ಗೊತ್ತಾಯಿತು. ಎಷ್ಟು ದಿನದಿಂದಲೋ ಅವರು ಮರೆವನ್ನು ತಮಾಷೆಯ ಒಳಗೆ ಮುಚ್ಚಿಡುತ್ತಿದ್ದರು. ನಾವು ನಕ್ಕಷ್ಟೂ ಅವರಿಗೆ ಮುಚ್ಚಲು ಸುಲಭವಾಗುತ್ತಿತ್ತು.

ನಾನು ಯಾರಿಗೂ ಹೇಳಲಿಲ್ಲ. ಡಾಕ್ಟರಿಗೂ ತೋರಿಸಲಿಲ್ಲ. ಊರನ್ನೆಲ್ಲ ನಗಿಸಿದ ಮನುಷ್ಯನನ್ನು ನೋಡಿ ಊರು ನಗಬಾರದು ಎಂದುಕೊಂಡೆ. ಅವತ್ತು ಬೆಳಿಗ್ಗೆ ಹೊರಡುವಾಗ ಹೊಸ್ತಿಲಲ್ಲಿ ನಿಂತು, "ಬ್ಯಾಂಕು ಯಾವ್ ಕಡೆಗಮ್ಮಿ?" ಎಂದು ಕೇಳಿದರು. ಜೊತೆಗೆ ಹೋಗಬೇಕಿತ್ತು. ಒಲೆ ಮೇಲೆ ಹುರುಳಿ ಇತ್ತು, ನನಗೆ ಸುಸ್ತಾಗಿತ್ತು. ತಿರುಗಿಯೂ ನೋಡದೆ "ತಮಾಸೆ ಸಾಕು, ಓಗ್ರಿ ಅತ್ಲಾಗೆ" ಅಂದೆ. ಗೊತ್ತಿದ್ದೂ ಗೊತ್ತಿದ್ದೂ ಅಂದೆ. ನೀವು ತಿಳಿಯದೆ ಮಾಡಿದಿರಿ. ನಾನು ತಿಳಿದು ಮಾಡಿದೆ.

ಈಗ ಅವರ ಅಕ್ಕ ಸಿದ್ದಲಿಂಗಮ್ಮ ಪಟ್ಟು ಹಿಡಿದಿದ್ದಾರೆ. ಬರುವ ಪಿತೃಪಕ್ಷಕ್ಕೆ ಹಿರಿಯರ ಜೊತೆ ತಮ್ಮನಿಗೂ ಎಡೆ ಇಡಬೇಕಂತೆ. "ಸತ್ತಿದ್ರೆ ಅವ್ನು ಅಸ್ಕಂಡು ತಿರುಗ್ತಾನೆ ಕಣೆ" ಅನ್ನುತ್ತಾರೆ. ಬದುಕಿರುವವರಿಗೆ ಎಡೆ ಇಟ್ಟರೆ ನಾವೇ ಕೊಂದ ಹಾಗೆ ಎಂದು ನಾನು. ಸರ್ಕಾರದ ಕಾಗದದಲ್ಲಂತೂ ಬರುವ ನವೆಂಬರಿನವರೆಗೆ ಅವರು ಬದುಕಿದ್ದಾರೆ.

ನೀವು ಒಂದು ಕೆಲಸ ಮಾಡಿ. ಅವತ್ತಿನ ನೋಟ್‌ಬುಕ್ಕಿನ ಪುಟ ಕಳಿಸಿ. ಅದರಲ್ಲಿ ಅವರ ಮಾತು ಮಾತ್ರ ಇರುತ್ತದೆ, ನೀವು ಬಾಯಲ್ಲಿ ಹೇಳಿದ್ದು ಇರುವುದಿಲ್ಲ. ಅದನ್ನೂ ಬರೆದು ಕಳಿಸಿ. ಒಂದು ಮಾತನ್ನೂ ಬಿಡಬೇಡಿ.

ಪುಟ್ಟಗೌರಮ್ಮ


ಶ್ರೀರಂಗಪಟ್ಟಣ
28 ಆಗಸ್ಟ್ 2025

ತಂಗೀ,

ನೀವು ಪುಟ ಕೇಳುತ್ತೀರಿ ಎಂದು ನನಗೆ ಭಯವಿತ್ತು. ಒಂದು ವಿಷಯ ನಾನು ಮೇ ತಿಂಗಳಲ್ಲೂ ಬಚ್ಚಿಟ್ಟೆ.

ಪುಟವನ್ನು ಹರಿಯದೆ, ಬ್ಲೇಡಿನಿಂದ ಜೋಪಾನವಾಗಿ ಕತ್ತರಿಸಿ ಇದರ ಜೊತೆ ಇಟ್ಟಿದ್ದೇನೆ. ಮೇಲಿನ ಸಾಲು ನಿಮಗೆ ಗೊತ್ತು. ಆಮೇಲಿನದು, "ನೀನೂ ಬತ್ತೀಯಾ?" ನಾನು "ನಂಗೆ ಮೆಡಿಕಲ್ ಲೀವು ಕಣ್ಲಾ" ಅಂದೆ. ಅದರ ಕೆಳಗೆ, "ಸಾರು ಚೆಂದಾಗದೆ." ನಾನು "ನಿನ್ ಸೊಸೆ ಮಾಡಿಟ್ಟು ಓಗಿದ್ದು" ಅಂದೆ. ಯಾವ ಸೊಸೆ ಎಂಬಂತೆ ನೋಡಿದ. ಅದಕ್ಕೂ ನಕ್ಕೆ.

ಅದರ ಕೆಳಗಿನದನ್ನು ಬರೆಯುವಾಗ ಪೆನ್ನು ಹಿಡಿದು ಬಹಳ ಹೊತ್ತು ಯೋಚಿಸಿದ. ಅಕ್ಷರ ನೋಡಿ, ಅಲ್ಲಿ ಒತ್ತಿ ಬರೆದಿದ್ದಾನೆ. "ನಂಗೆ ಎಂಡ್ತಿ ಅವ್ಳೇನ್ಲಾ?"

ಆಗ ನಾನು ಹೇಳಿದ್ದು ಇದು. ಅಲ್ಲಾ ನನ್ನನ್ನು ಕ್ಷಮಿಸುವುದು ಬೇಡ, ನೀವೂ ಕ್ಷಮಿಸಬೇಡಿ. "ನಿಂಗ್ಯಾವನ್ಲಾ ಎಣ್ಣು ಕೊಟ್ಟಾನು? ಖಾಯಂ ಬ್ರಹ್ಮಚಾರಿ ನೀನು!"

ಹೇಳಿ ತೊಡೆ ತಟ್ಟಿಕೊಂಡು ನಕ್ಕೆ. ಅವನು ನನ್ನನ್ನೇ ನೋಡುತ್ತಾ ಇದ್ದ. ತಲೆ ಆಡಿಸಿದ. ಒಂದು ಸಾಲು ಬಿಟ್ಟು ಕೊನೆಯದನ್ನು ಬರೆದ, ಬ್ಯಾಗು ಎತ್ತಿಕೊಂಡ. "ಅಂಗಾದ್ರೆ ನಡಿ, ಓಗಾನ."

ಅವನು ಕೇಳಲು ಬಂದಿದ್ದೇ ಅದನ್ನು ತಂಗೀ. ಎಲ್ಲ ಮರೆತರೂ ಯಾರೋ ಒಬ್ಬಳು ಇದ್ದಾಳೆ ಎಂಬ ಅನುಮಾನ ಅವನಿಗೆ ಉಳಿದಿತ್ತು. ಈ ಲೋಕದಲ್ಲಿ ಅವನು ನಂಬುವ ಒಬ್ಬನೇ ಮನುಷ್ಯನ ಹತ್ತಿರ ಬಂದು ಕೇಳಿದ. ಆ ಮನುಷ್ಯ ಇಲ್ಲ ಅಂದ. ಇಲ್ಲ ಅಂದ ಮೇಲೆ ಪಾಂಡವಪುರದಲ್ಲಿ ಯಾರಿಗೋಸ್ಕರ ಇಳಿಯುತ್ತಾನೆ?

ಇನ್ನು ಬರೆಯಲಾರೆ.

ರಹಮತುಲ್ಲಾ


ಹೊಣಕೆರೆ
24 ಸೆಪ್ಟೆಂಬರ್ 2025

ಅಣ್ಣ,

ಭಾನುವಾರ ಅಮಾವಾಸ್ಯೆ ಕಳೆಯಿತು. ಅವರಿಗೂ ಎಡೆ ಇಟ್ಟೆ.

ಸಿದ್ದಲಿಂಗಮ್ಮನ ಮಾತಿಗೆ ಇಟ್ಟಿದ್ದಲ್ಲ. ನಿಮ್ಮ ಕಾಗದ ಬಂದ ಮೇಲೆ ಮೂರು ವಾರ ಯೋಚನೆ ಮಾಡಿದೆ. ಸತ್ತಿದ್ದರೆ ಎಡೆ ಸಲ್ಲಬೇಕು, ಅದರಲ್ಲಿ ಮಾತಿಲ್ಲ. ಬದುಕಿದ್ದರೆ? ಯಾವುದೋ ಊರಿನಲ್ಲಿ, ಯಾವುದೋ ಗುಡಿಯ ಜಗಲಿಯ ಮೇಲೆ, ಹೆಂಡತಿ ಮಕ್ಕಳು ಇಲ್ಲದ ಒಬ್ಬ ಮುದುಕ ಗುಲಾಬಿ ಬ್ಯಾಗು ತಲೆದಿಂಬು ಮಾಡಿಕೊಂಡು ಮಲಗಿದ್ದಾನೆ. ಯಾರಾದರೂ ಕೇಳಿದರೆ ನನಗೆ ಯಾರೂ ಇಲ್ಲ ಅನ್ನುತ್ತಾನೆ. ಅವನು ನೂರು ವರ್ಷ ಬಾಳಲಿ. ಆದರೆ ನನ್ನ ಗಂಡ, ನನ್ನ ಕಾಗದಕ್ಕೆ ಹತ್ತಕ್ಕೆ ಎಂಟು ಕೊಟ್ಟವರು, ಮಗನ ಪಕ್ಕ ಕೂತು ಮಗ್ಗಿ ಕಲಿತವರು, ನಿಮ್ಮ ಮನೆಯ ಚಾಪೆಯ ಮೇಲೆ ಆ ಮಧ್ಯಾಹ್ನವೇ ಮುಗಿದುಹೋದರು. ಅವರಿಗೆ ಎಡೆ ಇಟ್ಟೆ.

ಮುದ್ದೆ, ನಾಟಿ ಕೋಳಿ ಸಾರು, ಕಜ್ಜಾಯ, ಹೊಸ ಪಂಚೆ. ರವೀಂದ್ರ ಮಿಲಿಟರಿ ಕ್ಯಾಂಟೀನಿನ ರಮ್ಮು ಒಂದು ಲೋಟ ಇಟ್ಟ. ಹಿರಿಯರು ಬಂದು ಉಣ್ಣಲಿ ಎಂದು ಬಾಗಿಲು ಮುಚ್ಚಿ ಎಲ್ಲರೂ ಹೊರಗೆ ಜಗಲಿಯ ಮೇಲೆ ಕೂತೆವು. "ತಾತ ಒಳಗೆ ಅವಿತ್ಕಂಡಿದ್ದಾರಾ ಅಜ್ಜಿ?" ಎಂದು ಸ್ನೇಹಾ ಕೇಳಿತು. ರವೀಂದ್ರ ಎದ್ದು ಹಿತ್ತಿಲಿಗೆ ಹೋಗಿ ಅತ್ತ. ನನಗೆ ಅಳು ಬರಲಿಲ್ಲ. ಬಾಗಿಲು ತೆಗೆದಾಗ ಎಲ್ಲ ಇಟ್ಟಲ್ಲೇ ಇತ್ತು. ಮುದ್ದೆಯ ಮೇಲೆ ನೊಣ ಕೂತಿತ್ತು. ನಾನು ಅದನ್ನು ಓಡಿಸಿದೆ.

ನಿಮ್ಮ ಮೇಲೆ ಸಿಟ್ಟು ಹೋಗಿಲ್ಲ, ಹೋಗುವುದೂ ಇಲ್ಲ. ನನ್ನ ಮೇಲಿನದೂ ಹಾಗೇ. ಎರಡನ್ನೂ ಇಟ್ಟುಕೊಂಡು ಹೇಗೋ ದಿನ ಕಳೆಯಬೇಕು. ಇನ್ನು ಮುಂದೆ ನನಗೆ ಬರೆಯಬೇಡಿ ಅಣ್ಣ. ಬಂದರೂ ಒಡೆಯದೆ ಡಬ್ಬದ ಕೆಳಗೆ ಇಡುತ್ತೇನೆ.

ಆ ಪುಟವನ್ನು ಎಡೆಯ ಮುಂದೆ ಇಟ್ಟಿದ್ದೆ. ನಿಮ್ಮ ನೋಟ್‌ಬುಕ್ಕಿನದು, ವಾಪಸ್ಸು ಕಳಿಸಿದ್ದೇನೆ. ಕತ್ತರಿಸಿದ ಜಾಗದಲ್ಲೇ ಅಂಟಿಸಿಕೊಳ್ಳಿ. ಮೂಲೆಯಲ್ಲಿ ಸಾರಿನ ಕಲೆ ಆಗಿದೆ, ಬೇಜಾರು ಮಾಡಿಕೊಳ್ಳಬೇಡಿ. ಅವರ ಕೊನೆಯ ಎರಡು ಮಾತಿನ ನಡುವೆ ಒಂದು ಸಾಲಿನ ಜಾಗ ಖಾಲಿ ಇತ್ತಲ್ಲ, ನಿಮ್ಮ ಮಾತಿನ ಜಾಗ, ಅಲ್ಲಿ ನಾನು ಬರೆದಿದ್ದೇನೆ. ಅವರ ಹೆಸರನ್ನು ನನ್ನ ಕೈಯಾರೆ ಬರೆದದ್ದು ಇದೇ ಮೊದಲು. ಈಗ ಓದಿದರೆ ಹೀಗಿದೆ:

ನಂಗೆ ಎಂಡ್ತಿ ಅವ್ಳೇನ್ಲಾ?

ಇದ್ದಾಳೆ. ಜವರಯ್ಯನ ಹೆಂಡತಿ ಪುಟ್ಟಗೌರಮ್ಮ, ಹೊಣಕೆರೆ.

ಅಂಗಾದ್ರೆ ನಡಿ, ಓಗಾನ.